ಕೈಗೆ ಹತ್ತಿದ ಹಸಿವು

ಮಲ್ಲೇಶ್ವರಿ ನನ್ನ ಗಂಡನ ತಂಗಿ. ನಾನು ಶಹಾಪುರದ ಹತ್ತಿರದ ಸಗರಕ್ಕೆ ಸೊಸೆಯಾಗಿ ಬಂದಾಗ ಅವಳಿನ್ನೂ ಹೈಸ್ಕೂಲು ಹುಡುಗಿ. ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿ, ಒಂದೊಂದಕ್ಕೂ ಪುಂಡಿಪಲ್ಯ ಸವರಿಕೊಂಡು, ಪುಸ್ತಕ ಓದುತ್ತಾ ಓದುತ್ತಾ ಉಣ್ಣುತ್ತಿದ್ದಳು. ಕಡೆಗೆ ಒಂದೆರಡು ಚೂರು ತಾಟಿನಲ್ಲೇ ಉಳಿಯುತ್ತಿದ್ದವು. ನನ್ನ ಅತ್ತೆ ಅಯ್ಯಮ್ಮ ಅವನ್ನು ತಾವು ಬಾಯಿಗೆ ಹಾಕಿಕೊಂಡು ತಾಟು ತೊಳೆಯುತ್ತಿದ್ದರು. "ಗುಬ್ಬಿ ಹೊಟ್ಟಿ ಇದರದು," ಎನ್ನುತ್ತಿದ್ದರು. ಆ ಮಾತಿನಲ್ಲಿ ಬೇಸರ ಇರಲಿಲ್ಲ, ಹೆಮ್ಮೆ ಇತ್ತು. ಮಂದಿಯ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ಎಷ್ಟೋ ದಿನ ನೀರು ಕುಡಿದು ಮಲಗಿದ ಹೆಂಗಸು ಅವರು. ಮಗಳು ಸಾಕೆಂದು ತಾಟಿನಲ್ಲಿ ಬಿಟ್ಟು ಏಳುತ್ತಾಳೆ ಎಂಬುದೇ ಅವರಿಗೆ ದೊಡ್ಡ ಸಿರಿ.

ಹಾಸ್ಟೆಲಿನಲ್ಲಿದ್ದು ಓದಿ, ಕಲಬುರಗಿಯಲ್ಲಿ ನರ್ಸಿಂಗ್ ಮುಗಿಸಿ, ಮಲ್ಲೇಶ್ವರಿ ಶಹಾಪುರದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ನಮ್ಮ ಓಣಿಯಲ್ಲಿ ಬಿಳಿ ಕೋಟು ಹಾಕಿದ ಮೊದಲನೆಯವಳು ಅವಳೇ. ಮದುವೆಯಾದದ್ದು ಈಶಪ್ಪನ ಜೊತೆ. ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತ, ಮಾತು ಕಡಿಮೆ, ಒಳ್ಳೆಯ ಮನುಷ್ಯ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಒಬ್ಬಳೇ ಮಗಳು, ಸುರಪುರದ ವಸತಿ ಶಾಲೆಯಲ್ಲಿ ಓದುತ್ತಿದ್ದಾಳೆ. ಹೊರಗಿನಿಂದ ನೋಡಿದವರಿಗೆ ಆ ಮನೆಯಲ್ಲಿ ಯಾವ ಕೊರತೆಯೂ ಕಾಣುತ್ತಿರಲಿಲ್ಲ.

ಮೊದಲು ಆಸ್ಪತ್ರೆಯಲ್ಲಿ ಸರದಿಯ ಪ್ರಕಾರ ಪಾಳಿ ಇತ್ತು. ಒಂದು ವಾರ ಹಗಲು, ಒಂದು ವಾರ ರಾತ್ರಿ. ಆಮೇಲೆ ಇಬ್ಬರು ನರ್ಸುಗಳು ಕೆಲಸ ಬಿಟ್ಟು ಹೋದರು. ಹೊಸಬರು ಬಂದರೂ ನಿಲ್ಲಲಿಲ್ಲ. ಆಸ್ಪತ್ರೆಯ ಮಾಲೀಕರೂ ದೊಡ್ಡ ಡಾಕ್ಟರೂ ಆದ ಬಸವಂತ್ರಾಯರು, "ನೀ ಅನುಭವ ಇದ್ದಾಕಿ ಮಲ್ಲೇಶ್ವರಿ, ರಾತ್ರಿ ನಿನ್ನ ಮ್ಯಾಲ ಬಿಟ್ರ ನಾ ಬೇಫಿಕರ್ ಮಲಗತೀನಿ," ಎಂದರು. ಹೊಗಳಿಕೆಯೋ ಅಪ್ಪಣೆಯೋ ತಿಳಿಯದೆ ಇವಳು ಹೂಂ ಅಂದಳು. ಆಮೇಲೆ ಅವಳಿಗೆ ಹಗಲು ಪಾಳಿ ಸಿಕ್ಕಿದ್ದೇ ಅಪರೂಪ.

ಒಮ್ಮೆ ಬೇಸಿಗೆ ರಜೆಯಲ್ಲಿ ನಾನು ಅವಳ ಮನೆಗೆ ಹೋಗಿ ಕೆಲವು ದಿನ ಇದ್ದೆ. ನಾನು ಶಾಲಾ ಮಾಸ್ತರಿಣಿ, ರಜೆ ನನಗೆ ಸಿಗುತ್ತದೆ. ಅವಳು ಹೇಗೆ ಬದುಕುತ್ತಿದ್ದಾಳೆ ಎಂದು ಕಣ್ಣಾರೆ ಕಂಡದ್ದು ಆಗಲೇ.

ಮುಂಜಾನೆ ಪಾಳಿ ಮುಗಿಸಿ ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ತಿಂದು, ಗಟ್ಟಿ ಸಕ್ಕರೆಯ ಚಹಾ ಕುಡಿದು ಬರುತ್ತಿದ್ದಳು. ಬಂದವಳು ಸ್ನಾನ ಮಾಡಿ ಮಲಗುವಳು. ಪಕ್ಕದಲ್ಲಿ ಹಿಟ್ಟಿನ ಗಿರಣಿ. ಅದರ ಸದ್ದಿಗೆ ಗೋಡೆಗೆ ಆನಿಸಿಟ್ಟ ತಾಟುಗಳು ಗಡಗಡ ನಡುಗುತ್ತಿದ್ದವು. ಮೇಲೆ ತಗಡಿನ ಮಾಡು, ಶಹಾಪುರದ ಬಿಸಿಲು. ಹಸಿ ಟವೆಲನ್ನು ಕಣ್ಣಿನ ಮೇಲೆ ಹಾಕಿಕೊಂಡು ಹೊರಳಾಡುವಳು. ಸ್ವಲ್ಪ ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಗ್ಯಾಸಿನವನು ಬಾಗಿಲು ಬಡಿಯುವನು, ಇಲ್ಲ ಆಸ್ಪತ್ರೆಯಿಂದಲೇ ಫೋನು. ಎದ್ದು ಕೂತು ಗೋಡೆ ನೋಡುವಳು. ಆಮೇಲೆ ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ತೆರೆಯುವಳು. ಚೂಡಾ, ಬಿಸ್ಕೀಟು, ರಾತ್ರಿಯ ತಂಗಳನ್ನಕ್ಕೆ ಶೇಂಗಾ ಹಿಂಡಿ, ಬೆಲ್ಲದ ಚೂರು. ನಿಂತುಕೊಂಡೇ ತಿನ್ನುವಳು. ತಿಂದದ್ದರ ರುಚಿ ಮುಖದಲ್ಲಿ ಕಾಣುತ್ತಿರಲಿಲ್ಲ.

"ಹಸಿದಿದ್ರ ಕುಂತು ಉಣ್ಣಬಾರದೇನವ್ವ? ನಾ ಬಿಸಿ ರೊಟ್ಟಿ ಬಡೀತೀನಿ," ಅಂದೆ.

"ಹೊಟ್ಟಿ ಹಸಿದಿಲ್ಲ ಅತ್ತಿಗಿ. ಹೊಟ್ಟಿ ತುಂಬ್ಯಾದ. ಕೈಗೆ ಹಸಿವಿ ಹತ್ಯಾದ," ಅಂದಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. "ನಿದ್ದಿ ಬರ್ಲಿಕ್ಕಂದ್ರ ಕೈ ಸುಮ್ನಿರಂಗಿಲ್ಲ. ಬಾಯಾಗ ಏನರ ಇದ್ರ ಜರಾ ಎದಿ ಹಗುರಾಗ್ತದ. ಅಷ್ಟ."

ಸಂಜೆ ಈಶಪ್ಪ ಬರುವ ಹೊತ್ತಿಗೆ ಅವಳು ಹೊರಡುವ ಹೊತ್ತು. ಬಾಗಿಲಲ್ಲೇ ಕೀಲಿಕೈ ಒಬ್ಬರ ಕೈಯಿಂದ ಒಬ್ಬರಿಗೆ. "ಉಂಡಿಯೇನು?" "ಹೂಂ, ನೀವು ಉಣ್ರಿ." ಗಂಡ ಹೆಂಡತಿಯ ಸಂಸಾರ ಅಷ್ಟರಲ್ಲಿ ಮುಗಿಯುತ್ತಿತ್ತು. ಅವಳು ಒಯ್ದ ಊಟದ ಡಬ್ಬಿ ಬಹಳ ಸಲ ಹಾಗೇ ತಿರುಗಿ ಬರುತ್ತಿತ್ತು. ಒಂದರ ಹಿಂದೊಂದು ಹೆರಿಗೆ ಬಂದರೆ ಕೈ ತೊಳೆಯಲೂ ಬಿಡುವಿಲ್ಲ. ನಡುನಡುವೆ ಚಹಾ, ಬಿಸ್ಕೀಟು, ಯಾರದೋ ಮನೆಯವರು ಗಂಡು ಹುಟ್ಟಿತೆಂದು ಹಂಚಿದ ಪೇಢೆ.

ಮೈ ದಪ್ಪವಾಗುತ್ತಾ ಹೋಯಿತು. ಕೋಟಿನ ಗುಂಡಿಗಳು ಹತ್ತದಾದವು. ಸಗರಕ್ಕೆ ಬಂದಾಗ ಓಣಿಯ ಹೆಂಗಸರು, "ನರ್ಸಮ್ಮಗ ನೌಕರಿ ಮೈಗೆ ಹತ್ಯಾದ ನೋಡ್ರಿ," ಎಂದು ನಗುತ್ತಿದ್ದರು. ಅತ್ತೆಗಂತೂ ಹಿಗ್ಗು. ಮಗಳ ತೋಳು ಹಿಡಿದು ನೋಡಿ, "ಮೈ ತುಂಬ್ಯಾಳ ನನ್ನ ಕೂಸು," ಎಂದು ಇನ್ನೊಂದು ಸೌಟು ಅನ್ನ ಸುರಿಯುತ್ತಿದ್ದರು. ಮಲ್ಲೇಶ್ವರಿ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಈಗ ತಾಟಿನಲ್ಲಿ ಏನೂ ಉಳಿಯುತ್ತಿರಲಿಲ್ಲ.

ಕಸ್ತೂರಿ ಎಂಬ ಹುಡುಗಿಯ ಹೆರಿಗೆ ಆದದ್ದು ಅದಾದ ಮರುವರ್ಷ. ಅದನ್ನು ಮಲ್ಲೇಶ್ವರಿ ನನಗೆ ಬಹಳ ದಿನಗಳ ಮೇಲೆ ಹೇಳಿದಳು.

ಚೊಚ್ಚಲ ಹೆರಿಗೆ. ಜೊತೆಗೆ ಅವಳ ತಾಯಿ ಶೇಖಮ್ಮ, ಮತ್ತು ಅತ್ತೆ. ಹೆರಿಗೆ ಸುಸೂತ್ರವಾಗಿಯೇ ಆಯಿತು, ಗಂಡು ಕೂಸು. ಶೇಖಮ್ಮ ಮಂಚದ ಕೆಳಗಿಂದ ಒಂದು ಸ್ಟೀಲಿನ ಡಬ್ಬಿ ಎಳೆದು ಮುಚ್ಚಳ ತೆರೆದಳು. ಅಂಟಿನುಂಡಿ. ಬಾಣಂತಿಗೆಂದು ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ ಹಾಕಿ ತುಪ್ಪದಲ್ಲಿ ಕಟ್ಟಿದ್ದಳು.

"ಸಿಸ್ಟರಮ್ಮಾ, ಒಂದು ಕೊಡ್ಲೇನು? ನನ್ನ ಮಗಳು ಭಾಳ ದಣದಾಳ."

"ಈಗ ಬ್ಯಾಡ ಯವ್ವ. ಮುಂಜಾನಿ ಕೊಡೂಣಂತ," ಅಂದಿದ್ದಳು ಮಲ್ಲೇಶ್ವರಿ. ಯಾವ ನರ್ಸಾದರೂ ಹೇಳುವ ಮಾತೇ ಅದು.

ಆಮೇಲೆ ರಕ್ತ ಹೋಗಲು ಶುರುವಾಯಿತು. ಡಾಕ್ಟರು ಬಂದರು, ಸೂಜಿ ಮಾಡಿದರು, ಮಾಡುವುದನ್ನೆಲ್ಲ ಮಾಡಿದರು. ನಿಲ್ಲಲಿಲ್ಲ. ಅಷ್ಟು ರಕ್ತ ಕೊಡಲು ಶಹಾಪುರದಲ್ಲಿ ಆಗದು, ಕಲಬುರಗಿಗೆ ಒಯ್ಯಿರಿ ಎಂದರು. ಅಂಬುಲೆನ್ಸಿನಲ್ಲಿ ಮಲ್ಲೇಶ್ವರಿಯೇ ಜೊತೆಗೆ ಹೋದಳು. ರಕ್ತ ನಿಲ್ಲಲೆಂದು ಮುಷ್ಟಿ ಕಟ್ಟಿ ಆ ಹುಡುಗಿಯ ಹೊಟ್ಟೆಯನ್ನು ಒತ್ತಿ ಹಿಡಿದು, ಗಾಡಿ ಜೋಲಿ ಹೊಡೆದಾಗಲೂ ಕೈ ತೆಗೆಯದೆ ಕೂತಳು. ಎದುರಿಗೆ ಶೇಖಮ್ಮ ಮಗಳ ಕಾಲು ಹಿಡಿದುಕೊಂಡಿದ್ದಳು. ದಾರಿಯ ಜೇವರ್ಗಿ ಇನ್ನೂ ಬಂದಿರಲಿಲ್ಲ, ಕೈಕೆಳಗಿನ ಹೊಟ್ಟೆಯ ಏರಿಳಿತ ನಿಂತದ್ದು ಮಲ್ಲೇಶ್ವರಿಗೆ ಗೊತ್ತಾಯಿತು. ಗೊತ್ತಾದ ಮೇಲೂ ಸ್ವಲ್ಪ ದೂರ ಒತ್ತಿಯೇ ಹಿಡಿದಿದ್ದಳಂತೆ. ತಾಯಿ ನೋಡುತ್ತಿದ್ದಳಲ್ಲ.

ಹೆಣವನ್ನು ಅಲ್ಲಿಂದಲೇ ಊರಿಗೆ ಒಯ್ದರು. ಆಸ್ಪತ್ರೆಯಲ್ಲಿದ್ದ ಕಸ್ತೂರಿಯ ಅತ್ತೆ ಸುದ್ದಿ ಕೇಳಿ ಕೂಸನ್ನು ಎತ್ತಿಕೊಂಡು ಹೊರಟುಹೋದಳು. ಮಲ್ಲೇಶ್ವರಿ ತಿರುಗಿ ಬಂದಾಗ ಬೆಳಗಾಗಿತ್ತು. ಬಟ್ಟೆ ಬದಲಿಸಿ, ಇನ್ನೊಬ್ಬಳು ಗರ್ಭಿಣಿ ಕಾಯುತ್ತಿದ್ದಾಳೆಂದು ಆ ಮಂಚವನ್ನು ಸ್ವಚ್ಛ ಮಾಡಲು ಹೋದಳು. ಕೆಳಗೆ ಡಬ್ಬಿ ಇತ್ತು. ಯಾರಾದರೂ ಕೇಳಿಕೊಂಡು ಬಂದರೆ ಕೊಡೋಣ ಎಂದು ಎತ್ತಿಕೊಂಡು ಬಟ್ಟೆ ಇಡುವ ಕೋಣೆಗೆ ಹೋದಳು.

"ಬಾಗಲ ಹಾಕ್ಕೊಂಡೆ ಅತ್ತಿಗಿ. ಒಂದು ತಿಂದೆ. ಅಳು ಬರ್ತದ ಅನ್ಕೊಂಡೆ, ಬರ್ಲಿಲ್ಲ. ಇನ್ನೊಂದು ತಿಂದೆ. ಎಲ್ಲಾ ತಿಂದೆ. ತಳದಾಗ ಹತ್ತಿದ ತುಪ್ಪ ಸುದ್ದಾ ಬೆರಳಿಲೆ ತಗದು ತಿಂದೆ. ಆ ಹುಡುಗಿದು ರಕ್ತ ನನ್ನ ಉಗುರಿನಾಗ ಇನ್ನಾ ಇತ್ತು."

ಆಸ್ಪತ್ರೆಯ ಆಯಾ ಪಾರ್ವತಿಬಾಯಿ ಬಾಗಿಲು ಬಡಿದಾಗ ಅವಳು ಬಟ್ಟೆಯ ಗಂಟಿಗೆ ಒರಗಿ ಕೂತಿದ್ದಳು, ಖಾಲಿ ಡಬ್ಬಿ ತೊಡೆಯ ಮೇಲೆ. ಪಾರ್ವತಿಬಾಯಿ ಡಬ್ಬಿ ತೆಗೆದುಕೊಂಡು ಹೋಗಿ ತೊಳೆದು ಬೋರಲು ಹಾಕಿದಳು.

ಕೆಲವು ವಾರ ಕಳೆದ ಮೇಲೆ ಶೇಖಮ್ಮ ಮೊಮ್ಮಗನನ್ನು ಕಟ್ಟಿಕೊಂಡು ಸೂಜಿ ಹಾಕಿಸಲು ಬಂದಳು. ಅಂದು ಅಪರೂಪಕ್ಕೆ ಮಲ್ಲೇಶ್ವರಿಗೆ ಹಗಲು ಪಾಳಿ. ಕೂಸಿಗೆ ಸೂಜಿ ಹಾಕಿದವಳೂ ಅವಳೇ.

"ಸಿಸ್ಟರಮ್ಮಾ, ನಂದೊಂದು ಡಬ್ಬಿ ಉಳದಿತ್ತು ನೋಡ್ರಿ," ಅಂದಳು ಶೇಖಮ್ಮ.

ಮಲ್ಲೇಶ್ವರಿ ಒಳಗೆ ಹೋಗಿ ತಂದು ಕೊಟ್ಟಳು. ಶೇಖಮ್ಮ ಮುಚ್ಚಳ ತೆರೆದು ನೋಡಿದಳು. ಥಳಥಳ ತೊಳೆದ ಡಬ್ಬಿ.

"ಉಂಡಿ ಇದ್ವಲ್ರಿ."

"ಇಲ್ಲಿ ಬಾಣ್ತೇರಿಗೆ ಹಂಚೀವ್ರಿ ಯವ್ವ. ಕೆಟ್ಟು ಹೋಗ್ತಾವಂತ."

"ಛಲೋ ಆತು ಬಿಡ್ರಿ. ಚೆಲ್ಲಿರ್ತಾರೇನೋ ಅನ್ಕೊಂಡಿದ್ದೆ." ಮುಚ್ಚಳ ಮುಚ್ಚಿ ಅದರ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಕೇಳಿದಳು: "ನಮ್ಮ ಕಸ್ತೂರಿ ಒಂದರ ತಿಂದ್ಳೇನ್ರಿ? ನಾ ಚಾ ತರಾಕ ಹೊರಗ ಹೋಗಿದ್ದೆ. ಆವಾಗ ಏನರ..."

ಮಲ್ಲೇಶ್ವರಿ ಕೂಸಿನ ತೊಡೆಗೆ ಹತ್ತಿ ಒತ್ತಿ ಹಿಡಿದಿದ್ದಳು. "ತಿಂದ್ಳು ಯವ್ವ. ಅರ್ಧಾ ತಿಂದ್ಳು. ನಮ್ಮವ್ವ ಛಲೋ ಮಾಡ್ಯಾಳ ಅಂದ್ಲು."

ಶೇಖಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ಅಲ್ಲಾಡಿಸಿದಳು. ಹೋಗುವಾಗ ಮಲ್ಲೇಶ್ವರಿಯ ಗದ್ದ ಮುಟ್ಟಿ ಬೆರಳುಗಳನ್ನು ತನ್ನ ತುಟಿಗೆ ಒತ್ತಿಕೊಂಡಳು. "ನಿನ್ನ ಹೊಟ್ಟಿ ತಣ್ಣಗಿರ್ಲಿ ತಾಯಿ," ಅಂದಳು.

ಅಂದಿನಿಂದ ಮಲ್ಲೇಶ್ವರಿಗೆ ಮಂದಿಯ ಎದುರು ಉಣ್ಣುವುದೇ ಆಗದಾಯಿತು. ಗಂಡನ ಮುಂದೆ, ನಮ್ಮ ಮುಂದೆ ಒಂದು ತುತ್ತು ಬಾಯಿಗೆ ಹಾಕಿ "ಒಲ್ಲೆ" ಅನ್ನುವಳು. ಯಾರೂ ಇಲ್ಲದಾಗ ತಿನ್ನುವಳು. ಎರಡು ದಿನ ಬರೀ ಚಹಾದ ಮೇಲೆ ಇದ್ದು, ಮೂರನೆಯ ದಿನ ಮನೆಯಲ್ಲಿದ್ದದ್ದನ್ನೆಲ್ಲ ತಿಂದು, ಆಮೇಲೆ ಬಚ್ಚಲಲ್ಲಿ ಕೂತು ಕಾರಿಕೊಳ್ಳುವಳು. ಹಗಲಿನ ನಿದ್ದೆ ಮೊದಲೇ ಇರಲಿಲ್ಲ, ಈಗ ರಜೆಯ ರಾತ್ರಿಗಳಲ್ಲೂ ಬರದಾಯಿತು. ಕಣ್ಣು ಮುಚ್ಚಿದರೆ ಕೈಕೆಳಗೆ ಆ ಹೊಟ್ಟೆ ಬರುತ್ತಿತ್ತಂತೆ.

ಬಾಯಾರಿಕೆ ಶುರುವಾಯಿತು. ಕೊಡ ನೀರು ಕುಡಿದರೂ ನಾಲಗೆ ಒಣಗಿಯೇ ಇರುತ್ತಿತ್ತು. ಮೂತ್ರಕ್ಕೆ ಮತ್ತೆ ಮತ್ತೆ ಎದ್ದು ಹೋಗುವಳು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ, "ಪೈಲೆ ಸಕ್ಕರಿ ತಪಾಸ್ ಮಾಡಿಸ್ರಿ," ಎಂದು ಅವಳೇ ಬೈದು ಕಳಿಸುತ್ತಿದ್ದಳು. ತನ್ನ ಬೆರಳನ್ನು ಮಾತ್ರ ಚುಚ್ಚಿಕೊಳ್ಳಲಿಲ್ಲ. ಯಾಕೆ ಎಂದು ನಾನು ಕೇಳಿದ್ದೇನೆ. "ಗೊತ್ತಾದ್ರ ತಿನ್ನೂದು ಬಿಡಬೇಕಾಗ್ತದಲ್ಲ. ಅದೊಂದ ಇತ್ತು ನನಗ," ಅಂದಳು.

ಒಂದು ಮುಂಜಾನೆ ಪಾಳಿ ಮುಗಿಯುವ ಹೊತ್ತಿಗೆ ಅವಳು ಸಿರಿಂಜು ಹಿಡಿದು ಒಬ್ಬ ಬಾಣಂತಿಯ ಹತ್ತಿರ ಹೋಗಿ, ಸಲೈನಿನ ನಳಿಕೆ ಎತ್ತಿಕೊಂಡಳು. ಆ ಬಾಣಂತಿ ಕೈ ಹಿಂದಕ್ಕೆ ಎಳೆದುಕೊಂಡು, "ಸಿಸ್ಟರ್, ಈಗರೆ ಮಾಡಿ ಹೋದ್ರಲ್ರಿ ಸೂಜಿ," ಅಂದಳು. ಮಲ್ಲೇಶ್ವರಿಗೆ ನೆನಪೇ ಇರಲಿಲ್ಲ. ಟ್ರೇಯಲ್ಲಿ ನೋಡಿದರೆ ಖಾಲಿ ಸೀಸೆ ಇತ್ತು. ನಿಂತಲ್ಲೇ ನಿದ್ದೆ ಹೋಗಿ, ನಿದ್ದೆಯಲ್ಲೇ ಕೆಲಸ ಮಾಡಿದ್ದಳು.

ಅವತ್ತೇ ಬಸವಂತ್ರಾಯರ ಕೋಣೆಗೆ ಹೋಗಿ ನಿಂತಳು.

"ಸರ್, ನನ್ನ ಕೈಲೆ ರಾತ್ರಿ ಆಗಂಗಿಲ್ರಿ. ಇವತ್ತ ತಪ್ಪು ಆಗೂದಿತ್ತು. ಯಾರರ ಸಾಯ್ತಾರ ನನ್ನ ಕೈಯಾಗ."

"ಏನೂ ಆಗಿಲ್ಲಲ್ಲ ಮತ್ತ?" ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರೂ ಮಲಗಿರಲಿಲ್ಲ. "ನೋಡವ್ವ, ನಿನ್ನ ತ್ರಾಸ ನನಗ ತಿಳಿತದ. ಹೊಸ ಹುಡುಗ್ಯಾರು ಬರಾಕತ್ತಾರ. ಇನ್ನೊಂದೀಟು ದಿನ ಸುಧಾರಸು. ನೀನು ಜರಾ ಬಾಯಿ ಹಿಡದು ಉಣ್ಣು. ಆಲಸ್ಯ ಬರೂದು ಅದಕ್ಕ."

ಕಡೆಯ ಮಾತನ್ನು ಅವರು ಕೇಡಿನಿಂದ ಹೇಳಲಿಲ್ಲ. ಆದರೆ ಮಲ್ಲೇಶ್ವರಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವಳು ಎದ್ದೇಳಲಿಲ್ಲ. ಲ್ಯಾಬಿನ ಮುಜಫರ ಅವಳ ಎಡಗಾಲಿನ ಬೂಟು ಒದ್ದೆಯಾಗಿದ್ದು ಕಂಡ. ನೀರು ಅಂದುಕೊಂಡನಂತೆ. ಕೀವು ಅದು. ಬೂಟು ತಿಕ್ಕಿ ಕಿರುಬೆರಳಿನ ಹತ್ತಿರ ಹುಣ್ಣಾಗಿತ್ತು, ಎಷ್ಟು ದಿನದ್ದೋ. ಅವಳಿಗೆ ನೋವೇ ಗೊತ್ತಾಗಿರಲಿಲ್ಲ.

"ಅಕ್ಕಾ, ಬೆರಳು ಕೊಡು," ಎಂದ ಮುಜಫರ.

"ಬ್ಯಾಡೋ."

"ಕೊಡು ಅಂದ್ರ ಕೊಡು." ಕೈ ಹಿಡಿದು ತಾನೇ ಚುಚ್ಚಿದ. ಸಕ್ಕರೆಯ ಮೀಟರು ಅಂಕಿ ತೋರಿಸಲಿಲ್ಲ, ಅಳತೆ ಮೀರಿದೆ ಎಂದಷ್ಟೇ ತೋರಿಸಿತು. ಇನ್ನೊಮ್ಮೆ ಚುಚ್ಚಿ ನೋಡಿದ. ಅದೇ. ಅವನು ಮೀಟರನ್ನು ಅವಳಿಗೆ ತೋರಿಸಲಿಲ್ಲ, ಈಶಪ್ಪನಿಗೆ ಫೋನು ಮಾಡಿದ.

ಕಲಬುರಗಿಯ ದವಾಖಾನೆಯಲ್ಲಿ ಕಿರುಬೆರಳು ತೆಗೆದರು. ಹುಣ್ಣು ಮಾಯಲಿಲ್ಲ. ವಾರದ ಮೇಲೆ ಅದರ ಪಕ್ಕದ ಬೆರಳನ್ನೂ ತೆಗೆದರು. ಈಶಪ್ಪ ಕಚೇರಿಗೆ ರಜೆ ಹಾಕಿ ಅವಳ ಮಂಚದ ಹತ್ತಿರವೇ ಇದ್ದ. ಒಮ್ಮೆ ನಾನು ಹೋದಾಗ ಹೊರಗಿನ ಬೇವಿನ ಕಟ್ಟೆಯ ಮೇಲೆ ಕೂತಿದ್ದ. "ದಿನಾ ಉಂಡಿಯೇನಂತ ಕೇಳ್ತಿದ್ದೆ ಅಕ್ಕಾ. ಮಲಗಿದ್ದಿಯೇನು ಅಂತ ಒಂದಿನರ ಕೇಳ್ಲಿಲ್ಲ," ಎಂದ.

ಅವಳನ್ನು ಸಗರಕ್ಕೆ ಕರೆತಂದೆವು. ಬಂದವಳು ಮಲಗಿದಳು. ಗುಳಿಗೆಯ ಅಮಲೋ, ವರ್ಷಗಳ ಬಾಕಿಯೋ, ದಿನವೆಲ್ಲ ಮಲಗಿಯೇ ಇರುವಳು. ಅತ್ತೆ ಗಳಿಗೆಗೊಮ್ಮೆ ಹೋಗಿ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿ ಬರುತ್ತಿದ್ದರು.

ಎದ್ದು ಕೂಡುವಂತಾದ ಮೇಲೆ ಬೇರೆ ಕಷ್ಟ ಶುರುವಾಯಿತು. ಅನ್ನ ಇಷ್ಟೇ, ಬೆಲ್ಲ ಮುಟ್ಟಬಾರದು, ಹೊತ್ತಿಗೆ ಸರಿಯಾಗಿ ಸೂಜಿ, ಹೊತ್ತಿಗೆ ಸರಿಯಾಗಿ ಊಟ. ನಾನು ಶಾಲೆಗೆ ಹೋಗುವವಳು. ಬಡಿಸುವವರು ಅತ್ತೆಯೇ. ಮೊದಲ ದಿನ ನಾನು ತೋರಿಸಿಕೊಟ್ಟಷ್ಟು ಅನ್ನ ಹಾಕಿ ತಾಟು ನೋಡಿದರು. "ಇದು ಸಣ್ಣ ಕೂಸಿನ ಊಟ ಆತಲ್ಲ. ಇಷ್ಟ?" ಅಂದರು. ಇನ್ನೊಂದು ಸೌಟು ಹಾಕಿಬಿಟ್ಟರು. ಮಲ್ಲೇಶ್ವರಿ ಆ ಅನ್ನವನ್ನು ನೋಡುತ್ತಾ ಕೂತಳು. ನಾನು ಹೇಳಬೇಕಾಯಿತು: "ಅತ್ತಿ, ಅದು ಅಕಿಗೆ ವಿಷ. ತಗೀರಿ."

ಅತ್ತೆ ಬಗ್ಗಿ, ಮಗಳ ತಾಟಿನಿಂದ ಅನ್ನವನ್ನು ಕೈಯಿಂದ ಬಾಚಿ ತೆಗೆದರು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಾಗೇ ಮುಷ್ಟಿಯಲ್ಲಿ ಹಿಡಿದು ಹಿತ್ತಲಿಗೆ ಹೋದರು. ಅಲ್ಲಿಂದ ಅವರ ದನಿ ಕೇಳಿಸಿತು. "ಇಲ್ಲದಾಗ ಉಪಾಸ. ಇದ್ದಾಗೂ ಉಪಾಸ. ಯಾ ಪಾಪಕ್ಕ ಹಡದೆ ನಾ?" ಅವರು ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಮಾವ ತೀರಿಕೊಂಡಾಗಲೂ ಅವರು ಹೀಗೆ ಅತ್ತಿರಲಿಲ್ಲವಂತೆ.

ಕಸ್ತೂರಿಯ ಉಂಡಿಗಳ ಸಂಗತಿಯನ್ನು ಮಲ್ಲೇಶ್ವರಿ ನನಗೆ ಹೇಳಿದ್ದು ಆ ದಿನಗಳಲ್ಲಿ. ಹೇಳಿ, "ಆ ಮುದುಕಿಗೆ ಖರೆ ಹೇಳಬೇಕಿತ್ತೇನು ಅತ್ತಿಗಿ?" ಎಂದು ಕೇಳಿದಳು. ನಾನು ಇಲ್ಲ ಅಂದೆ. ಈಗಲೂ ಇಲ್ಲ ಅಂತಲೇ ಅನ್ನಿಸುತ್ತದೆ. ಅವಳಿಗೆ ಮಾತ್ರ ಅದು ಸಾಕಾಗಲಿಲ್ಲ.

ಆಸ್ಪತ್ರೆಯವರು ಬೇರೆ ಹುಡುಗಿಯನ್ನು ಇಟ್ಟುಕೊಂಡರು. ಅದು ಸಹಜವೇ. ಮಳೆಗಾಲ ಕಳೆದ ಮೇಲೆ ಅವಳಿಗೆ ಯಾದಗಿರಿ ಹತ್ತಿರದ ರಾಮಸಮುದ್ರದ ಒಬ್ಬ ಡಾಕ್ಟರರ ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಹಗಲು ಮಾತ್ರ. ಅಲ್ಲಿ ಹೆರಿಗೆ ಇಲ್ಲ, ಜ್ವರ, ಕೆಮ್ಮು, ಗಾಯಕ್ಕೆ ಪಟ್ಟಿ ಅಷ್ಟೇ. ಈಶಪ್ಪ ಶಹಾಪುರದ ಮನೆ ಬಿಟ್ಟು ಯಾದಗಿರಿಯಲ್ಲಿ ಮನೆ ಹಿಡಿದ. ಸಕ್ಕರೆ ಹಿಡಿತಕ್ಕೆ ಬಂದಿದೆ, ಪೂರ್ತಿ ಅಲ್ಲ. ಒಂದು ಕಣ್ಣು ಮಬ್ಬಾಗಿದೆ. ನಡೆಯುವಾಗ ಎಡಕ್ಕೆ ವಾಲುತ್ತಾಳೆ. ಯಾವುದಾದರೂ ಗರ್ಭಿಣಿ ಕ್ಲಿನಿಕ್ಕಿಗೆ ಬಂದರೆ ಆ ದಿನ ಅವಳ ಊಟ ತಾಳ ತಪ್ಪುತ್ತದೆ. ಈಗ ಅದನ್ನು ಗಂಡನಿಗೆ ಹೇಳುತ್ತಾಳೆ. ಅವನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಳ್ಳುತ್ತಾನಂತೆ.

ಹೋದ ತಿಂಗಳು ರಜೆಗೆ ಸಗರಕ್ಕೆ ಬಂದಿದ್ದಳು. ಸಂಜೆ ಅಂಗಳದಲ್ಲಿ ಕೂತಿದ್ದೆವು. ಅವಳ ಫೋನು ರಿಂಗಾಯಿತು. ಬಸವಂತ್ರಾಯ ಡಾಕ್ಟರು. ಜೋರಾಗಿ ಮಾತಾಡುವವರಾದ್ದರಿಂದ ನನಗೂ ಕೇಳಿಸಿತು. ಹೊಸ ಹುಡುಗಿ ಬಿಟ್ಟು ಹೋಗಿದ್ದಾಳೆ, ಯಾರೂ ಇಲ್ಲ, ಎರಡು ರಾತ್ರಿ ಬಂದು ನೋಡಿಕೊಂಡರೆ ಪುಣ್ಯ ಬರುತ್ತದೆ ಎಂದು ಕೇಳುತ್ತಿದ್ದರು.

ಮಲ್ಲೇಶ್ವರಿ ತನ್ನ ಎಡಗಾಲಿನ ಪಾದ ಸವರಿಕೊಂಡಳು. ಹೂಂ ಅಂದುಬಿಡುತ್ತಾಳೆ ಎಂದು ನನಗೆ ಭಯವಾಯಿತು.

"ಇಲ್ರಿ ಸರ್," ಅಂದಳು.

"ಯಾಕವ್ವ? ಎರಡ ರಾತ್ರಿ."

"ರಾತ್ರಿ ನಾ ಮಲಗಬೇಕ್ರಿ."

ಫೋನು ಕೆಳಗಿಟ್ಟಳು. ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಹಾಸಿಗೆ ಬಿಡಿಸಿ ಬಾಗಿಲು ಮುಚ್ಚಿಕೊಂಡಳು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಅತ್ತೆ ಏನೋ ಕೇಳಲು ಬಾಯಿ ತೆರೆದರು. ನಾನು ಸನ್ನೆ ಮಾಡಿದೆ. ಅವರು ಮೆಲ್ಲಗೆ ಎದ್ದು ಹೋಗಿ, ಹೊರಗೆ ಜೋರಾಗಿ ಆಡುತ್ತಿದ್ದ ಓಣಿಯ ಮಕ್ಕಳನ್ನು ದೂರ ಹೋಗಿ ಆಡಿರಿ ಎಂದು ಕಳಿಸಿ ಬಂದರು.